ಹದಿನೇಳನೇ ಹಾಳೆಯ ಮೂರು ಚೀಟಿಗಳು

ನಕ್ಷತ್ರಗಳ ಕೆಲಸವೆಂದರೆ ರಾತ್ರಿಯ ಕೆಲಸವೆಂದೇ ಎಲ್ಲರೂ ತಿಳಿಯುತ್ತಾರೆ. ಲಂಡನ್ನಿನ ಒಂದು ಕಾಲೇಜಿನ ಖಗೋಳ ವಿಭಾಗದಲ್ಲಿ ನಾನು ಹತ್ತೊಂಬತ್ತು ವರ್ಷ ಎಳೆಯ ನಕ್ಷತ್ರಗಳ ವಯಸ್ಸು ಅಳೆದೆ. ಒಂದು ರಾತ್ರಿಯೂ ದೂರದರ್ಶಕದ ಪಕ್ಕ ಕೂತವಳಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮೇಜಿನ ಮುಂದೆ ಕೂತು, ಸಂಜೆ ನಾಲ್ಕೂವರೆಗೆ ಎದ್ದು, ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಬ್ಬು ಬಾಗಿಲು ಹಾಕುವುದರೊಳಗೆ ನಮ್ಮ ಮನೆಯಿದ್ದ ಕ್ವೀನ್ಸ್‌ಬರಿ ಮುಟ್ಟುತ್ತಿದ್ದೆ. ನನ್ನ ಉಪಕರಣಗಳೆಂದರೆ ಪೆನ್ಸಿಲು, ಅಡಿಪಟ್ಟಿ, ಭೂತಗನ್ನಡಿ. ಕೊನೆಯ ವರ್ಷಗಳಲ್ಲಿ ಒಂದು ಕಂಪ್ಯೂಟರು.

ಈಗ ಈ ಕೆಲಸಕ್ಕೆ ಬರುತ್ತಿರುವ ನಮ್ಮವರ ಮಕ್ಕಳು ಕೆಲವರು ಸಿಕ್ಕಾಗ ಕೇಳುತ್ತಾರೆ, ಅಲ್ಲಿ ನಿಜಕ್ಕೂ ಏನು ಮಾಡುತ್ತಿದ್ದಿರಿ ಎಂದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಹೇಳಬೇಕಾದದ್ದು ಒಂದು ಹಾಳೆಯ ವಿಷಯ. ಅದರ ಮೇಲೆ ನಾನು ಎಳೆದ ಗೆರೆಯಿಂದ ಒಬ್ಬ ಹುಡುಗಿಯ ಕೆಲಸ ಉಳಿಯುವುದರಲ್ಲಿತ್ತು. ಆ ಗೆರೆ ನಂಬತಕ್ಕದ್ದಲ್ಲ ಎಂದು ನಾನೇ ಹೇಳಿದ್ದರಿಂದ ಅದು ಹೋಯಿತು. ಆದ್ದರಿಂದ ನಿಧಾನವಾಗಿ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಮದುವೆಯಾಗಿ, ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದೆ. ನಮ್ಮ ಮನೆಯವರು ಸರಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಕಾಲೇಜಿನಲ್ಲಿ ಅಳತೆಯ ಸಹಾಯಕಿ ಬೇಕೆಂಬ ಜಾಹೀರಾತು ನೋಡಿ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದವರೂ ಅವರೇ. ನನ್ನನ್ನು ತೆಗೆದುಕೊಂಡವರು ವಿಭಾಗದ ಹಿರಿಯ ವಿಜ್ಞಾನಿ ಲೆನ್. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ. 'ಸರ್' ಅಂದರೆ ಅವರು ಹಿಂದೆ ತಿರುಗಿ ಯಾರನ್ನು ಕರೆದಳು ಎಂದು ನೋಡುತ್ತಿದ್ದರು. ಹಾಗಾಗಿ ಅವರು ಅಲ್ಲಿದ್ದಷ್ಟು ವರ್ಷವೂ ನಾನು ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಮಾತಾಡಿದೆ.

ಕೆಲಸ ಇದು. ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ಒಂದು ತಟ್ಟೆ ಸುತ್ತುತ್ತಿರುತ್ತದೆ. ಗ್ರಹಗಳು ಹುಟ್ಟುವುದಾದರೆ ಅದರಲ್ಲೇ ಹುಟ್ಟಬೇಕು. ಆ ತಟ್ಟೆ ಎಷ್ಟು ಕಾಲ ಉಳಿಯುತ್ತದೆ ಎಂದು ತಿಳಿಯಬೇಕಾದರೆ ಮೊದಲು ನಕ್ಷತ್ರದ ವಯಸ್ಸು ಗೊತ್ತಾಗಬೇಕು. ನಕ್ಷತ್ರಕ್ಕೆ ಜಾತಕವಿಲ್ಲ. ಎರಡು ಸಾಕ್ಷಿಗಳಿವೆ. ಒಂದು ಅದರ ಬೆಳಕು: ಎಳೆಯ ನಕ್ಷತ್ರ ಇನ್ನೂ ಉಬ್ಬಿಕೊಂಡಿರುತ್ತದೆ, ತನ್ನ ಬಿಸಿಗೆ ಮೀರಿ ಬೆಳಗುತ್ತದೆ, ವಯಸ್ಸಾದಂತೆ ಕುಗ್ಗಿ ಮಂಕಾಗುತ್ತದೆ. ಇನ್ನೊಂದು ಲಿಥಿಯಂ: ಹುಟ್ಟುವಾಗ ತಂದ ಈ ಲೋಹವನ್ನು ಸೂರ್ಯನಿಗಿಂತ ತಣ್ಣಗಿನ ನಕ್ಷತ್ರಗಳು ತಮ್ಮ ಒಳಗಿನ ಕಾವಿನಲ್ಲಿ ಸುಟ್ಟುಕೊಳ್ಳುತ್ತ ಹೋಗುತ್ತವೆ. ಲಿಥಿಯಂ ಹೆಚ್ಚಿದ್ದರೆ ಎಳೆಯದು, ಕಡಿಮೆಯಾದಂತೆ ಬಲಿತದ್ದು.

ಮೊದಲ ವರ್ಷಗಳಲ್ಲಿ ಬೆಳಕಿನ ಅಳತೆಯನ್ನು ಕೈಯಲ್ಲೇ ಮಾಡುತ್ತಿದ್ದೆವು. ಗ್ರಾಫ್ ಹಾಳೆಯ ಮೇಲೆ ಒಂದೊಂದು ನಕ್ಷತ್ರಕ್ಕೆ ಒಂದೊಂದು ಚುಕ್ಕೆ. ಅದರ ಮೇಲೆ ವಯಸ್ಸಿನ ಗೆರೆಗಳಿದ್ದ ಪಾರದರ್ಶಕ ಹಾಳೆ ಹಾಸಿ, ಚುಕ್ಕೆ ಯಾವ ಗೆರೆಯ ಕೆಳಗೆ ಬರುತ್ತದೆಂದು ಓದುವುದು. ಆ ಪಾರದರ್ಶಕ ಹಾಳೆ ಸವೆದಾಗ ನಾನು ಫೋಟೋಕಾಪಿ ಯಂತ್ರದಲ್ಲಿ ಹೊಸದೊಂದು ತೆಗೆದೆ. ನನಗಿಂತ ಮುಂಚೆ ಯಂತ್ರ ಬಳಸಿದವರು ಚಿತ್ರ ಸ್ವಲ್ಪ ಹಿಗ್ಗುವಂತೆ ಇಟ್ಟು ಹೋಗಿದ್ದರು, ನಾನು ನೋಡಲಿಲ್ಲ. ನಾಲ್ಕು ತಿಂಗಳು ನಮ್ಮ ಕೋಣೆಯಲ್ಲಿ ಅಳೆದ ಎಲ್ಲ ನಕ್ಷತ್ರಗಳಿಗೂ ಇದ್ದದ್ದಕ್ಕಿಂತ ಹೆಚ್ಚು ವಯಸ್ಸಾಯಿತು. ಹಾಳೆಯ ಎಡಮೂಲೆ ಕೂತರೆ ಬಲಮೂಲೆ ಕೂರುತ್ತಿಲ್ಲ ಎಂದು ಕಡೆಗೆ ಕಂಡದ್ದೂ ನನಗೇ. ಹೋಗಿ ಹೇಳಿದೆ. ಲೆನ್ ಬೈಯಲಿಲ್ಲ. ಅಡಿಪಟ್ಟಿ ಕೈಗೆ ಕೊಟ್ಟು, ಯಾವ ದಿನದಿಂದ ತಪ್ಪು ಎಂದಷ್ಟೇ ಕೇಳಿದರು. ನಾಲ್ಕು ತಿಂಗಳ ಚುಕ್ಕೆಗಳನ್ನು ಮೂರು ವಾರದಲ್ಲಿ ಮತ್ತೆ ಓದಿದೆ. ಮನೆಯಲ್ಲಿ ನಮ್ಮವರು ಕನ್ನಡಿಯ ಮುಂದೆ ನಿಂತು, "ನನ್ನ ತಲೀನೂ ನಿಮ್ಮ ಮಷೀನಿನ್ಯಾಗ ಹಾಕಿದ್ಯೇನು? ಎಲ್ಲಾ ಬೆಳ್ಳಗಾಗ್ಯದ" ಅಂದರು.

ಇನ್ನೊಮ್ಮೆ ಒಂದು ನಕ್ಷತ್ರ ತಾನು ಹುಟ್ಟಿದ ಅನಿಲದ ಮೋಡಕ್ಕಿಂತ ಮುದಿಯಾಗಿ ಬಂತು. ಮಗು ಬಾಣಂತಿಗಿಂತ ಹಿರಿಯದು ಅಂದಹಾಗೆ. ಎಷ್ಟು ಸಲ ಅಳೆದರೂ ಅಷ್ಟೇ. ಆಮೇಲೆ ತಿಳಿಯಿತು, ಅದರ ಧೂಳಿನ ತಟ್ಟೆ ನಮ್ಮ ಕಡೆಗೆ ಅಂಚು ತೋರಿಸಿಕೊಂಡು ನಕ್ಷತ್ರವನ್ನೇ ಮರೆಮಾಡಿತ್ತು. ನಮಗೆ ಕಂಡದ್ದು ಅಕ್ಕಪಕ್ಕದಿಂದ ಸೋರಿಬಂದ ಬೆಳಕು ಮಾತ್ರ. ಮಂಕಾದದ್ದನ್ನು ಮುದಿಯೆಂದು ಬರೆದಿದ್ದೆ. ಅಂದಿನಿಂದ ಬೆಳಕಿನ ಸಾಕ್ಷಿ ಒಂದನ್ನೇ ನಂಬುವುದನ್ನು ಬಿಟ್ಟು, ಲಿಥಿಯಂ ಅಳೆಯುವ ಕೆಲಸ ಹೆಚ್ಚಾಯಿತು.

ಲಿಥಿಯಂ ಅಳೆಯುವುದು ಹೀಗೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಕಾಗದದ ಮೇಲೆ ಸ್ಪೆಕ್ಟ್ರಮ್ ಎಂಬ ಏರಿಳಿತದ ಒಂದು ಗೆರೆ ಬರುತ್ತದೆ. ಕೆಂಪಿನ ಒಂದು ಜಾಗದಲ್ಲಿ ಲಿಥಿಯಂ ಇದ್ದರೆ ಗುಂಡಿ ಬೀಳುತ್ತದೆ. ಗುಂಡಿಯ ಎರಡೂ ದಡಗಳನ್ನು ಸೇರಿಸಿ ಮೇಲೊಂದು ಗೆರೆ ಎಳೆದು, ಕೆಳಗಿನ ಜಾಗವನ್ನು ಲೆಕ್ಕ ಹಾಕಬೇಕು. ಒಳ್ಳೆಯ ಹಾಳೆಯಲ್ಲಿ ದಡ ಸ್ಪಷ್ಟವಾಗಿರುತ್ತದೆ. ಮಂದ ನಕ್ಷತ್ರದ ಹಾಳೆಯಲ್ಲಿ ದಡವೇ ಹಲ್ಲುಹಲ್ಲಾಗಿರುತ್ತದೆ. ಪೆನ್ಸಿಲನ್ನು ಕೂದಲೆಳೆಯಷ್ಟು ಮೇಲಿಟ್ಟರೆ ಗುಂಡಿ ದೊಡ್ಡದು, ನಕ್ಷತ್ರ ಎಳೆಯದು. ಕೂದಲೆಳೆಯಷ್ಟು ಕೆಳಗಿಟ್ಟರೆ ಗುಂಡಿ ಸಣ್ಣದು, ನಕ್ಷತ್ರಕ್ಕೆ ಕೋಟಿ ವರ್ಷ ಹೆಚ್ಚು.

ಅದಕ್ಕಾಗಿ ಲೆನ್ ಒಂದು ಪದ್ಧತಿ ಇಟ್ಟಿದ್ದರು. ನನ್ನ ಮೇಜಿಗೆ ಬರುವ ಹಾಳೆಯಲ್ಲಿ ನಕ್ಷತ್ರದ ಹೆಸರಿರುತ್ತಿರಲಿಲ್ಲ, ಒಂದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ನಕ್ಷತ್ರ ಎಂಬ ಪಟ್ಟಿ ಅವರ ಬೀಗದ ಡ್ರಾಯರಿನಲ್ಲಿ. ಪ್ರತಿ ಹಾಳೆಯನ್ನೂ ನಾನು ಎರಡು ಸಲ, ಕನಿಷ್ಠ ಹದಿನೈದು ದಿನ ಬಿಟ್ಟು ಅಳೆಯಬೇಕು. ಪ್ರತಿ ಸಲವೂ ಗೆರೆ ಹೊಸ ಪ್ರತಿಯ ಮೇಲೆ. ಬಂದ ಅಳತೆಯನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು, ಮಡಚಿ, ಶಾರ್ಟ್‌ಬ್ರೆಡ್ ಬಿಸ್ಕೆಟ್ಟಿನ ಹಳೆಯ ಡಬ್ಬಿಯೊಳಗೆ ಹಾಕಬೇಕು. ಶುಕ್ರವಾರ ಚಹಾದ ಹೊತ್ತಿಗೆ ಅವರು ಡಬ್ಬಿ ತೆಗೆಯುತ್ತಿದ್ದರು. ಎರಡು ಅಳತೆಗಳು ತೀರ ದೂರವಿದ್ದರೆ ಮೂರನೆಯ ಸಲ ಅಳೆಯುವುದು. ಮೂರರಲ್ಲಿ ಹತ್ತಿರವಿರುವ ಎರಡನ್ನು ಇಟ್ಟುಕೊಂಡು ಒಂಟಿಯಾದದ್ದನ್ನು ಬಿಡುವುದು. ಹೊಸಬರು ಈ ಡಬ್ಬಿಯನ್ನು ನೋಡಿ ನಗುತ್ತಿದ್ದರು. ನಾನೂ ಮೊದಲು ನಕ್ಕವಳೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ವಿನುತಾ ನಮ್ಮ ವಿಭಾಗಕ್ಕೆ ಬಂದಳು. ಬೆಂಗಳೂರಿನವಳು, ಪಿಎಚ್.ಡಿ. ಮುಗಿಸಿ ಎರಡು ವರ್ಷದ ಕೆಲಸದ ಮೇಲೆ, ಕೆಲಸದ ವೀಸಾದಲ್ಲಿ ಬಂದಿದ್ದಳು. ವೆಂಬ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಕಾರಿಡಾರಿನ ಫೋನಿನಲ್ಲಿ ನಾನು ಮಾತಾಡುವುದನ್ನು ಕೇಳಿ, "ಮೇಡಂ, ಕನ್ನಡಾನಾ?" ಅಂತ ಬಂದವಳು, ವಾರದೊಳಗೆ ನನ್ನನ್ನು ಆಂಟಿ ಮಾಡಿಕೊಂಡಳು. ಶನಿವಾರ ಈಲಿಂಗ್ ರೋಡಿನಲ್ಲಿ ನನ್ನ ಜೊತೆ ಬದನೆಕಾಯಿ ಆರಿಸುತ್ತಿದ್ದಳು. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ವಿನುತಾಳ ಜೊತೆ ಮಾತ್ರ ಕನ್ನಡದಲ್ಲಿ ಜಗಳವಾಡುತ್ತಿದ್ದಳು.

ವಿನುತಾ ಹುಡುಕುತ್ತಿದ್ದದ್ದು ಮೋಡಗಳಿಂದ ದೂರ, ನಮಗೆ ಹತ್ತಿರ, ಒಂಟಿಯಾಗಿ ಇರುವ ಎಳೆಯ ನಕ್ಷತ್ರ. ಅಂಥದ್ದು ಸಿಕ್ಕಿದರೆ ಗ್ರಹಗಳು ಹುಟ್ಟುವುದನ್ನು ಪಕ್ಕದ ಮನೆಯಲ್ಲಿ ನೋಡಿದಂತೆ ನೋಡಬಹುದು. ಹಲವು ನಕ್ಷತ್ರಗಳ ಹಾಳೆಗಳು ನನ್ನ ಮೇಜಿಗೆ ಬಂದವು. ಹದಿನೇಳನೆಯ ಹಾಳೆಯನ್ನು ಒಂದು ಬುಧವಾರ ಮೊದಲ ಸಲ ಅಳೆದೆ. ಕೆಟ್ಟ ಹಾಳೆ, ಹಲ್ಲುಹಲ್ಲು ದಡ. ಗುಂಡಿ ಸಣ್ಣದಾಗಿ ಬಂತು. ವಯಸ್ಸಿಗೆ ತಿರುಗಿಸಿದರೆ ಎರಡು ಕೋಟಿ ವರ್ಷದ ಮೇಲೆ. ಚೀಟಿ ಮಡಚಿ ಡಬ್ಬಿಗೆ ಹಾಕಿದೆ.

ಮರುದಿನ ಗುರುವಾರ ಸಂಜೆ ವಿನುತಾ ನನ್ನ ಜೊತೆಗೇ ಹೊರಟಳು. ಜುಬಿಲಿ ಲೈನಿನ ರೈಲು ಫಿಂಚ್ಲಿ ರೋಡಿನಲ್ಲಿ ಸುರಂಗ ಬಿಟ್ಟು ನೆಲದ ಮೇಲೆ ಬಂದು, ಡಾಲಿಸ್ ಹಿಲ್ ದಾಟಿ ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿದೆಯಂತೆ. ನಲವತ್ತು ನಿಮಿಷ ನಿಂತಿತು. ಆಗ ಕೈಯಲ್ಲಿ ಮೊಬೈಲ್ ಇರಲಿಲ್ಲ. ಮಗಳು ಕ್ಲಬ್ಬಿನ ಬಾಗಿಲಲ್ಲಿ ಕಾಯುತ್ತಿರುತ್ತಾಳೆಂದು ನಾನು ಕೂತಲ್ಲಿ ಕೂರಲಾಗದೆ ಇದ್ದೆ. ನನ್ನ ಮನಸ್ಸು ಬೇರೆಡೆ ತಿರುಗಿಸಲೆಂದೇ ಅವಳು ಮಾತು ತೆಗೆದಳು.

"ಆಂಟಿ, ಒಂದು ವಿಷಯ ಹೇಳ್ಲಾ? ಯಾರಿಗೂ ಹೇಳಿಲ್ಲ. ನನ್ನ ಒಂದು ಸ್ಟಾರ್‌ಗೆ ಧೂಳಿನ ಡಿಸ್ಕ್ ಇದೆ. ಇನ್ಫ್ರಾರೆಡ್‌ನಲ್ಲಿ ಚೆನ್ನಾಗಿ ಕಾಣ್ತಿದೆ."

"ಛಲೋ ಆತಲ್ಲವಾ."

"ಅದರ ಸ್ಪೆಕ್ಟ್ರಮ್ ಮಾತ್ರ ದರಿದ್ರ. ಎಡಗಡೆ ಒಂದು ಕಾಸ್ಮಿಕ್ ರೇ ಬಿದ್ದು ಮೊಳೆ ಹೊಡೆದ ಹಾಗಿದೆ. ಆದ್ರೆ ಡಿಸ್ಕ್ ಇದೆ ಅಂದ್ಮೇಲೆ ಚಿಕ್ಕ ವಯಸ್ಸಿಂದೇ ಇರ್ಬೇಕು, ಅಲ್ವಾ? ಲಿಥಿಯಂ ಬಂದ್ರೆ ಸಾಕು. ಇನ್ನು ಮೂರು ವರ್ಷ ಇಲ್ಲೇ ಇರ್ತೀನಿ."

ಎಡಗಡೆ ಮೊಳೆ ಹೊಡೆದಂತಿದ್ದ ಹಾಳೆ ನಾನು ನೋಡಿದ್ದು ಒಂದೇ. ಹದಿನೇಳನೆಯದು. ಅದನ್ನು ನಾನು ಆ ಕ್ಷಣವೇ ಗುರುತಿಸಿದೆ. ಗುರುತಿಸಿದೆನೆಂದು ಹೇಳಲಿಲ್ಲ. ಅಷ್ಟರಲ್ಲಿ ರೈಲು ಹೊರಟಿತು, ವೆಂಬ್ಲಿ ಪಾರ್ಕಿನಲ್ಲಿ ಅವಳು ಇಳಿದಳು, ನಾನು ಮಗಳ ಚಿಂತೆಯಲ್ಲಿ ಕ್ವೀನ್ಸ್‌ಬರಿಯಲ್ಲಿ ಓಡಿದೆ. ಶುಕ್ರವಾರ ಬೆಳಿಗ್ಗೆ ಲೆನ್ ಎದುರು ಹೋಗಿ, ನನಗೆ ಈ ಹಾಳೆ ಯಾವುದೆಂದು ಗೊತ್ತಾಗಿದೆ, ಬೇರೆಯವರಿಗೆ ಕೊಡಿ ಅನ್ನಬೇಕಿತ್ತು. ಪದ್ಧತಿ ಅದೇ. ಅನ್ನಲಿಲ್ಲ. ನಾನು ಇಷ್ಟು ವರ್ಷ ಅಳೆದವಳು, ಗೊತ್ತಿದ್ದರೇನಂತೆ, ಕಂಡಂತೆ ಅಳೆಯುತ್ತೇನೆ ಅಂದುಕೊಂಡೆ.

ಹದಿನೈದು ದಿನದ ನಂತರ ಎರಡನೆಯ ಸಲ ಅಳೆದೆ. ಗುಂಡಿ ದೊಡ್ಡದಾಗಿ ಬಂತು. ವಯಸ್ಸು ಎಂಬತ್ತು ಲಕ್ಷ ವರ್ಷ. ಶುಕ್ರವಾರ ಡಬ್ಬಿ ತೆಗೆದಾಗ ಎರಡು ಚೀಟಿಗಳು ದೂರವಿದ್ದವು. ಮೂರನೆಯ ಸಲ ಅಳೆದೆ. ಮತ್ತೆ ಎಂಬತ್ತು ಲಕ್ಷದ ಆಸುಪಾಸು. ನಿಯಮದ ಪ್ರಕಾರ ಒಂಟಿಯಾದ ಮೊದಲ ಚೀಟಿಯನ್ನು ಬಿಟ್ಟೆವು. ಎಲ್ಲ ಕ್ರಮಬದ್ಧವಾಗಿತ್ತು. ವಿನುತಾ ಲೇಖನ ಬರೆದಳು. ಅದು ಸ್ವೀಕೃತವಾಯಿತು. ಅದರ ಮೇಲೆ ಅವಳ ಕೆಲಸ ಮೂರು ವರ್ಷ ಮುಂದುವರಿಯುವ ಮಾತು ಬಹುತೇಕ ನಿಶ್ಚಯವಾಯಿತು. ಏಲಕ್ಕಿ ಹಾಕಿದ ಕ್ಯಾರೆಟ್ ಹಲ್ವಾ ಮಾಡಿ ಇಡೀ ವಿಭಾಗಕ್ಕೆ ಹಂಚಿದಳು.

ಲೇಖನ ಅಚ್ಚಾಗುವ ಮುಂಚೆ ಆ ವರ್ಷದ ಚೀಟಿಗಳನ್ನು ಕಡತಕ್ಕೆ ಅಂಟಿಸುವುದು ನನ್ನ ಕೆಲಸ. ಹದಿನೇಳರ ಮೂರು ಚೀಟಿಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದರ ತಾರೀಖು ನೋಡಿದೆ. ರೈಲು ನಿಂತ ದಿನದ ತಾರೀಖು ನನಗೆ ಮರೆಯುವಂತಿರಲಿಲ್ಲ. ಮಗಳನ್ನು ತಡವಾಗಿ ಕರೆದುಕೊಂಡು ಹೋದದ್ದಕ್ಕೆ ಶಾಲೆಯವರು ಪತ್ರ ಕಳಿಸಿದ್ದರು, ಅದು ಇನ್ನೂ ನನ್ನ ಚೀಲದಲ್ಲಿತ್ತು. ತೆಗೆದು ಪಕ್ಕದಲ್ಲಿಟ್ಟೆ. ಮೊದಲ ಚೀಟಿ ಅದರ ಹಿಂದಿನ ದಿನದ್ದು. ಉಳಿದೆರಡು ನಂತರದವು. ಗೊತ್ತಿಲ್ಲದೆ ಅಳೆದದ್ದು ಒಂದು, ಗೊತ್ತಿದ್ದು ಅಳೆದದ್ದು ಎರಡು. ನಾವು ಬಿಟ್ಟದ್ದು ಗೊತ್ತಿಲ್ಲದೆ ಅಳೆದದ್ದನ್ನು. ಮೂರು ಪ್ರತಿಗಳನ್ನು ಕಿಟಕಿಯ ಗಾಜಿಗೆ ಒತ್ತಿ ಒಂದರ ಮೇಲೊಂದು ಹಿಡಿದೆ. ಎರಡನೆಯ, ಮೂರನೆಯ ಗೆರೆಗಳು ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದವು. ಎಳೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದು. ಸುಳ್ಳು ಹೇಳಿದ್ದರೆ ಹೇಳಿದ್ದು ನೆನಪಿರುತ್ತದೆ. ಇದು ನೆನಪಿನಲ್ಲೇ ಇರಲಿಲ್ಲ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಅವರು ಪೂರ್ತಿ ಕೇಳಿಕೊಂಡರು.

"ಹೊಸಾ ಔಷಧ ಪರೀಕ್ಷಾ ಮಾಡುವಾಗ, ಯಾವ ರೋಗಿಗೆ ಯಾವ ಗುಳಿಗಿ ಹೋಗ್ಯದಂತ ಡಾಕ್ಟರಗ ಹೇಳೂದಿಲ್ಲ" ಅಂದರು. "ಡಾಕ್ಟರು ಕೆಟ್ಟವರಂತಲ್ಲ. ಒಳ್ಳೆಯವರಿಗೇ ಹೆಚ್ಚು ಹಂಗಾಗ್ತದ."

"ಅಲ್ರೀ, ಆ ಹುಡುಗಿ ಕೆಲಸ ಹೋಗ್ತದ."

"ಹೋಗ್ತದ" ಅಂದರು. ಸಮಾಧಾನ ಹೇಳಲಿಲ್ಲ. "ಮೊದಲ ಅಕಿಗೆ ಹೇಳು. ಆಮ್ಯಾಲೆ ಸಾಹೇಬ್ರಿಗೆ" ಅಂದರು.

ಮರುದಿನ ವಿಭಾಗದ ಚಹಾ ಕೋಣೆಯಲ್ಲಿ ವಿನುತಾಳಿಗೆ ಹೇಳಿದೆ. ಅವಳು ಕೆಟಲಿಗೆ ನೀರು ತುಂಬುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ಆಂಟಿ, ನಂಬರ್ ತಪ್ಪು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ. ಸರಿ ಇದ್ದರೂ ಇರಬಹುದು."

"ಮತ್ತೆ?"

"ನಾ ಅಳದದ್ದು ನಕ್ಷತ್ರಾನ ಅಲ್ಲ. ನೀ ರೈಲಿನ್ಯಾಗ ಹೇಳಿದ ಮಾತನ್ನ."

"ನಾನು ನಿಮ್ಮ ಚಿಂತೆ ಮರೀಲಿ ಅಂತ ಹೇಳಿದ್ದು." ಅವಳ ದನಿ ಏರಲಿಲ್ಲ. "ಪ್ರಿಂಟ್ ಆಗ್ಲಿ ಆಂಟಿ. ಆಮೇಲೆ ಒಳ್ಳೆ ಸ್ಪೆಕ್ಟ್ರಮ್ ತೆಗೆದು ನಾನೇ ಚೆಕ್ ಮಾಡ್ತೀನಿ. ಒಂದೇ ವರ್ಷ ಕೊಡಿ."

ಕೊಡಬಹುದಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಡಬ್ಬಿಯ ಲೆಕ್ಕ ಸರಿಯಿತ್ತು. ಆದರೆ ಆ ಒಂದು ವರ್ಷದಲ್ಲಿ ಬೇರೆಯವರು ಆ ಎಂಬತ್ತು ಲಕ್ಷವನ್ನು ನಂಬಿ ತಮ್ಮ ಹಾಳೆಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಹಿಗ್ಗಿದ ಪಾರದರ್ಶಕ ಹಾಳೆ ನಮ್ಮ ಕೋಣೆಯೊಳಗಿನ ತಪ್ಪಾಗಿತ್ತು, ಮೂರು ವಾರದಲ್ಲಿ ತಿದ್ದಿದೆ. ಇದು ಅಚ್ಚಾದರೆ ತಿದ್ದಲು ನನ್ನ ಕೈಗೆ ಸಿಗುವುದಿಲ್ಲ. "ಆಗೂದಿಲ್ಲವಾ" ಅಂದೆ. ಅವಳು ಅರ್ಧ ತುಂಬಿದ ಕೆಟಲನ್ನು ಅದರ ಜಾಗದಲ್ಲಿಟ್ಟು ಹೋದಳು.

ಲೆನ್ ಎದುರು ನಿಂತು ಎಲ್ಲ ಹೇಳಿದೆ. ಅವರು ಮೂರು ಚೀಟಿ, ಶಾಲೆಯ ಪತ್ರ ಎರಡನ್ನೂ ನೋಡಿದರು. ಅವಳು ಯಾಕೆ ಹೇಳಿದಳೆಂದು ಕೇಳಲಿಲ್ಲ. ಗೊತ್ತಿದ್ದು ಅಳೆದ ಹಾಳೆಗಳು ಇನ್ನೆಷ್ಟಿವೆ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಹಾಗಾದರೆ ಎಲ್ಲವನ್ನೂ ಬೇರೆ ಊರಿನವರಿಂದ ಅಳೆಸೋಣ ಅಂದರು. ಆ ವರ್ಷದ ಅಷ್ಟೂ ಹಾಳೆಗಳನ್ನು ನಾನೇ ಸಂಖ್ಯೆ ಬದಲಿಸಿ, ಕಟ್ಟಿ, ಅಂಚೆಗೆ ಹಾಕಿದೆ. ಉಳಿದವೆಲ್ಲ ನನ್ನ ಅಳತೆಗೆ ತಾಳೆಯಾದವು. ಹದಿನೇಳಕ್ಕೆ ಮಾತ್ರ, ಈ ಹಾಳೆಯಿಂದ ಏನೂ ಹೇಳಲಾಗದು ಎಂಬ ಉತ್ತರ ಬಂತು. ಲೇಖನ ಹಿಂದಕ್ಕೆ ಪಡೆದೆವು. ಸ್ವೀಕೃತ ಲೇಖನಗಳ ಪಟ್ಟಿಯಲ್ಲಿ ಅದು ಆಗಲೇ ಬಂದಿದ್ದರಿಂದ, ಕಾರಣ ತಿಳಿಸುವ ಟಿಪ್ಪಣಿಯೊಂದನ್ನು ಲೆನ್ ನನ್ನಿಂದಲೇ ಬರೆಸಿದರು. ಅಳೆದವಳಿಗೆ ನಕ್ಷತ್ರದ ಗುರುತು ಮೊದಲೇ ತಿಳಿದಿತ್ತು ಎಂದು ಬರೆದು, ಹೆಸರು ಹಾಕಿದೆ. ಯಾರು ತಿಳಿಸಿದರೆಂದು ಬರೆಯಲಿಲ್ಲ. ಪತ್ರಿಕೆಯೊಂದರಲ್ಲಿ ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು.

ವಿನುತಾಳ ಕೆಲಸ ಮುಂದುವರಿಯಲಿಲ್ಲ. ಬೇರೆ ಕಡೆ ಹಾಕಿದ ಅರ್ಜಿಗಳು ವೀಸಾ ಮುಗಿಯುವುದರೊಳಗೆ ಫಲಿಸಲಿಲ್ಲ. ಹೊರಡುವ ಮುಂಚೆ ನನ್ನ ಮಗಳಿಗೆಂದು ಒಂದು ಸ್ವೆಟರ್ ತಂದುಕೊಟ್ಟಳು. ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. ಬೆಂಗಳೂರಿನಲ್ಲಿ ಒಂದು ಕಾಲೇಜಿಗೆ ಪಾಠ ಹೇಳಲು ಸೇರಿದಳೆಂದು ಬೇರೆಯವರಿಂದ ತಿಳಿಯಿತು.

ಆಮೇಲಿನ ವರ್ಷಗಳಲ್ಲಿ ಅಳತೆಯೆಲ್ಲ ಕಂಪ್ಯೂಟರಿಗೆ ಹೋಯಿತು. ಗೆರೆಯನ್ನು ಈಗ ಪ್ರೋಗ್ರಾಂ ಎಳೆಯುತ್ತದೆ, ಅದಕ್ಕೆ ಯಾರ ಮೇಲೂ ಪ್ರೀತಿಯಿಲ್ಲ, ಡಬ್ಬಿ ಬೇಡ ಎಂದು ಹೊಸಬರು ಹೇಳಿದರು. ದಡ ಎಲ್ಲಿಂದ ಎಲ್ಲಿಯವರೆಗೆ ಎಂದು ಪ್ರೋಗ್ರಾಮಿಗೆ ಹೇಳುವವರು ಯಾರು ಎಂದು ನಾನು ಕೇಳಿದೆ. ನಾವೇ, ಅಂದರು. ಹಾಗಾದರೆ ನಿಮಗೆ ನಕ್ಷತ್ರದ ಹೆಸರು ತಿಳಿಯಬಾರದು ಎಂದು ಹಟ ಹಿಡಿದೆ. ಲೆನ್ ನಿವೃತ್ತರಾದ ಮೇಲೂ ಹಿಡಿದೆ. ಕಡತಗಳಿಗೆ ಹೆಸರು ಅಳಿಸಿ ಸಂಖ್ಯೆ ಹಾಕುವ ಸಣ್ಣದೊಂದು ಪ್ರೋಗ್ರಾಂ ಬರೆಸಿದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದೂ ಇಷ್ಟೇ. ಗೊತ್ತಾದರೆ, ಗೊತ್ತಾಯಿತೆಂದು ಅದೇ ದಿನ ಬಾಯಿಬಿಟ್ಟು ಹೇಳಿ. ರೈಲು ನಿಂತ ಮರುದಿನ, ಆ ಶುಕ್ರವಾರ ಬೆಳಿಗ್ಗೆ ನಾನು ಹೇಳಿದ್ದರೆ ಹಾಳೆ ಬೇರೆಯವರ ಕೈಗೆ ಹೋಗುತ್ತಿತ್ತು. ಕೆಟ್ಟ ಹಾಳೆ ಎಂದು ಆಗಲೇ ತಿಳಿಯುತ್ತಿತ್ತು. ಹೊಸದೊಂದು ತೆಗೆಯಲು ವಿನುತಾಳಿಗೆ ಸಮಯವಿರುತ್ತಿತ್ತು.

ನಾನು ಕೆಲಸ ಬಿಡುವ ಹಿಂದಿನ ವರ್ಷ ಬೇರೊಂದು ದೇಶದವರು ದೊಡ್ಡ ದೂರದರ್ಶಕದಲ್ಲಿ ಆ ನಕ್ಷತ್ರದ ಒಳ್ಳೆಯ ಹಾಳೆ ತೆಗೆದರು. ದಡ ಕತ್ತಿಯ ಅಲಗಿನಂತಿತ್ತು. ಲಿಥಿಯಂ ಆಳವಾಗಿತ್ತು. ವಯಸ್ಸು ಎಂಬತ್ತು ಲಕ್ಷ ವರ್ಷ. ವಿನುತಾಳ ಕಡೆಗೆ ವಾಲಿದ ನನ್ನ ಕೈ ಹೇಳಿದ್ದೇ ಸರಿಯಾಗಿತ್ತು; ಏನೂ ತಿಳಿಯದೆ ಎಳೆದ ಮೊದಲ ಗೆರೆ ತಪ್ಪಾಗಿತ್ತು. ಆ ನಕ್ಷತ್ರ ಕಂಡುಹಿಡಿದವರೆಂದು ಈಗ ಅವರ ಹೆಸರು ಹೇಳುತ್ತಾರೆ. ಲೇಖನ ಓದಿ, ಹಳೆಯ ಕಡತ ತೆಗೆದು ಹದಿನೇಳರ ಮೂರು ಚೀಟಿಗಳನ್ನು ಮತ್ತೆ ನೋಡಿದೆ.

ಆ ಭಾನುವಾರ ಬೆಳಿಗ್ಗೆ ಮನೆಗೆ ಫೋನ್ ಬಂತು. ಎಂಟು ವರ್ಷದ ಮೇಲೆ ಕೇಳಿದರೂ ದನಿ ಗುರುತು ಸಿಕ್ಕಿತು.

"ಆಂಟಿ, ವಿನುತಾ. ಓದಿದ್ರಾ?"

"ಓದೀನಿ."

"ಎಂಬತ್ತು ಲಕ್ಷ."

"ಹೌದವಾ. ಎಂಬತ್ತು ಲಕ್ಷ."

ಆ ಕಡೆ ಮಗುವೊಂದು ಏನೋ ಕೇಳಿತು. ಅವಳು ಅದನ್ನು ಸುಮ್ಮನಿರಿಸಿದಳು.

"ಒಂದೇ ಒಂದು ಕೇಳ್ತೀನಿ. ಬೇಜಾರಿಲ್ಲದೆ ಹೇಳಿ. ಇದು ಸರಿ ಅಂತ ಆಗ್ಲೇ ಗೊತ್ತಿದ್ದಿದ್ರೆ, ಸುಮ್ನೆ ಇರ್ತಿದ್ರಾ?"

ಈ ಪ್ರಶ್ನೆಯನ್ನು ನಾನೇ ನನಗೆ ಎಷ್ಟೋ ಸಲ ಕೇಳಿಕೊಂಡಿದ್ದೆ. ಉತ್ತರ ಹೊಳೆದದ್ದು ಅವಳ ಬಾಯಲ್ಲಿ ಕೇಳಿದ ಮೇಲೆ.

"ಏನು ಬರಬೇಕಂತ ನನಗ ಆಗಲೇ ಗೊತ್ತಿತ್ತಲ್ಲವಾ" ಅಂದೆ. "ಹಂಗ ಗೊತ್ತಿದ್ದದ್ದ ತಪ್ಪಾಗಿತ್ತು."

ಅವಳ ಮನೆಯಲ್ಲಿ ಕುಕ್ಕರ್ ಕೂಗುವುದು ಕೇಳಿಸಿತು. ಒಂದು ಸಲ, ಆಮೇಲೆ ಇನ್ನೊಂದು ಸಲ. ಅವಳು ಫೋನ್ ಇಡಲಿಲ್ಲ. ನಾನೂ ಇಡದೆ, ಅವಳು ಏನು ಹೇಳಿದರೂ ಕೇಳಬೇಕೆಂದು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತೆ.